16 ವರ್ಷ ಕಾದು ಸಿಕ್ಕ ಮತವನ್ನು ಕೊರಿಯದವರು ಜನರಲ್‌ನ ಗೆಳೆಯನಿಗೇ ಹಾಕಿದ್ದು ಯಾಕೆ?

ಬನಶಂಕರಿ ಬಾಲು
ಎಲ್ಲರಿಗೂ ನಮಸ್ಕಾರ. ಭಾನುವಾರ ಊಟಕ್ಕೆ ಕೂತಾಗ ನಮ್ಮ ಮಾವನವರ ಜೊತೆ ವಾದ ಹತ್ತಿಕೊಂಡಿತು. ಅವರದ್ದು ಹಳೇ ರಾಗ. "ದೇಶ ಉದ್ಧಾರ ಆಗಬೇಕಾದರೆ ಒಬ್ಬ ಖಡಕ್ ಮನುಷ್ಯ ಬೇಕು, ದಕ್ಷಿಣ ಕೊರಿಯ ನೋಡಿ." ನಾನು ಸುಮ್ನೆ ಇರಬಹುದಿತ್ತು. "ಆ ಖಡಕ್ ಮನುಷ್ಯ ಪಾರ್ಕ್ ಚುಂಗ್-ಹೀಯನ್ನು ಅವನ ಗುಪ್ತಚರ ಮುಖ್ಯಸ್ಥನೇ ರಾತ್ರಿ ಊಟದ ಹೊತ್ತಲ್ಲಿ ಗುಂಡಿಟ್ಟು ಕೊಂದ, ಗೊತ್ತಾ?" ಅಂದೆ. ಸಾರು ಆರಿತು, ಮಾತು ನಿಲ್ಲಲಿಲ್ಲ.

ಆಮೇಲೆ ಎರಡು ರಾತ್ರಿ ಕೂತು ಓದಿದೆ. ಪಾರ್ಕ್ ಸತ್ತಿದ್ದು 1979ರ ಅಕ್ಟೋಬರ್‌ನಲ್ಲಿ. ಎರಡು ತಿಂಗಳೊಳಗೆ ಇನ್ನೊಬ್ಬ ಜನರಲ್, ಚುನ್ ಡೂ-ಹ್ವಾನ್, ಸೇನೆಯನ್ನು ಕೈಗೆ ತಗೊಂಡ. 1980ರ ಮೇನಲ್ಲಿ ಗ್ವಾಂಗ್ಜು ಊರಿನ ಜನರ ಮೇಲೆ ಪ್ಯಾರಾಟ್ರೂಪರ್‌ಗಳನ್ನು ಬಿಟ್ಟ. 1987ರ ಜೂನ್‌ನಲ್ಲಿ ಜನ ಬೀದಿಗಿಳಿದು ನೇರ ಚುನಾವಣೆಗೆ ಒಪ್ಪಿಸಿದರು. ಅಧ್ಯಕ್ಷರನ್ನು ಜನ ನೇರವಾಗಿ ಆರಿಸಿ 16 ವರ್ಷ ಆಗಿತ್ತು. ಡಿಸೆಂಬರ್‌ನಲ್ಲಿ ನೂರಕ್ಕೆ 89 ಜನ ಬಂದು ಮತ ಹಾಕಿದರು. ಗೆದ್ದಿದ್ದು ಯಾರು? ರೋ ಟೇ-ವೂ. ಚುನ್‌ನ ಸೇನಾ ಶಾಲೆಯ ಸಹಪಾಠಿ, ದಂಗೆಯಲ್ಲಿ ಪಾಲುದಾರ!

ನನ್ನ ಪ್ರಶ್ನೆ ಎರಡು. ಇಷ್ಟೆಲ್ಲ ಹೋರಾಡಿದ ಜನ ಅವನನ್ನೇ ಯಾಕೆ ಗೆಲ್ಲಿಸಿದರು? ಗೆಲ್ಲಿಸಿದ ಮೇಲೂ ಮತ್ತೆ ಸೇನೆಯ ಆಡಳಿತ ಬರಲಿಲ್ಲವಲ್ಲ, ಅದು ಹೇಗೆ?

ಕಾಫಿಪುಡಿ
ಮತ ಒಡೆದಿದೆ ಗುರು, ಅಷ್ಟೇ. ಇಬ್ಬರು ಕಿಮ್‌ಗಳ ಜಗಳದಲ್ಲಿ ಮೂರನೆಯವನಿಗೆ ಲಾಭ.

ಲೆಕ್ಕದ ಮೇಷ್ಟ್ರು
ಕಾಫಿಪುಡಿ ಹೇಳಿದ್ದು ಸರಿ, ಅಂಕಿ ಹಾಕುತ್ತೇನೆ. ರೋ ಟೇ-ವೂಗೆ ಶೇ 36.6. ಕಿಮ್ ಯಂಗ್-ಸ್ಯಾಮ್‌ಗೆ ಶೇ 28. ಕಿಮ್ ಡೇ-ಜುಂಗ್‌ಗೆ ಶೇ 27. ಇಬ್ಬರು ಕಿಮ್‌ಗಳೂ ವಿರೋಧ ಪಕ್ಷದ ದೊಡ್ಡ ತಲೆಗಳು, ಇಬ್ಬರೂ ಜೈಲು ಗೃಹಬಂಧನ ಎಲ್ಲ ಕಂಡವರು. ಒಬ್ಬರು ಹಿಂದೆ ಸರಿದಿದ್ದರೆ ಲೆಕ್ಕ 55 ಆಗುತ್ತಿತ್ತು. ಇಬ್ಬರಿಗೂ "ಈ ಸಲ ನನ್ನದೇ" ಅನ್ನುವ ಹಟ. ಎರಡನೇ ಸುತ್ತಿನ ಮತದಾನ ಅವರ ಸಂವಿಧಾನದಲ್ಲಿ ಇಲ್ಲ. ಯಾರಿಗೆ ಒಂದು ಮತ ಜಾಸ್ತಿ ಬಿತ್ತೋ ಅವರೇ ಅಧ್ಯಕ್ಷ.

ಇನ್ನೆರಡು ವಿಷಯ ಸೇರಿಸಿ. ಒಂದು, ಊರಿನ ಅಭಿಮಾನ. ಡೇ-ಜುಂಗ್‌ಗೆ ಜೊಲ್ಲಾ ಸೀಮೆ, ಯಂಗ್-ಸ್ಯಾಮ್‌ಗೆ ಬುಸಾನ್ ಕಡೆ, ರೋಗೆ ಡೇಗು. "ನಮ್ಮ ಕಡೆಯವನು" ಅನ್ನೋದು ನಮಗೊಬ್ಬರಿಗೇ ಇರುವ ಕಾಯಿಲೆಯಲ್ಲ. ಎರಡು, ಮತದಾನಕ್ಕೆ ಹದಿನೇಳು ದಿನ ಮುಂಚೆ, ನವೆಂಬರ್ 29ಕ್ಕೆ, ಉತ್ತರ ಕೊರಿಯದ ಏಜೆಂಟರು ಕೊರಿಯನ್ ಏರ್ ವಿಮಾನಕ್ಕೆ ಬಾಂಬ್ ಇಟ್ಟು 115 ಜನರನ್ನು ಕೊಂದರು. ಸಿಕ್ಕಿಬಿದ್ದ ಹೆಂಗಸನ್ನು ಸಿಯೋಲ್‌ಗೆ ಕರೆತಂದು ಇಳಿಸಿದ್ದು ಡಿಸೆಂಬರ್ 15. ಮತದಾನ 16ಕ್ಕೆ. ಟಿವಿಯಲ್ಲಿ ಅದನ್ನು ನೋಡಿ ಮಲಗಿದವರು ಬೆಳಿಗ್ಗೆ ಎದ್ದು ಯಾರಿಗೆ ಮತ ಹಾಕಿರಬಹುದು ಯೋಚಿಸಿ.

ಖಡಕ್ ರೊಟ್ಟಿ
ಬಾಲು ಅವರೇ, ನಿಮ್ಮ ಮಾವ ಹೇಳಿದ್ದರಲ್ಲಿ ತಪ್ಪೇನು? ಪಾರ್ಕ್ ಬರುವ ಮುಂಚೆ ಕೊರಿಯದಲ್ಲಿ ಏನಿತ್ತು? ಹೆದ್ದಾರಿ, ಉಕ್ಕಿನ ಕಾರ್ಖಾನೆ, ಹಡಗು ಕಟ್ಟೆ ಎಲ್ಲ ಅವನ ಕಾಲದ್ದು. ಹೊಟ್ಟೆ ತುಂಬಿದ ಮೇಲೇ ಜನ ಮತದ ಹಕ್ಕು ಕೇಳೋದು. 1987ರಲ್ಲಿ ಬೀದಿಗಿಳಿದವರು ಟೈ ಕಟ್ಟಿದ ಆಫೀಸಿನವರು, ಅವರನ್ನು ಸೃಷ್ಟಿ ಮಾಡಿದ್ದೇ ಪಾರ್ಕ್. ಮೊದಲು ರೊಟ್ಟಿ, ಆಮೇಲೆ ಪ್ರಜಾಪ್ರಭುತ್ವ.

ಕಾಫಿಪುಡಿ
ಹೆಸರಿಗೆ ತಕ್ಕ ಮಾತು.

ಲೆಕ್ಕದ ಮೇಷ್ಟ್ರು
ರೊಟ್ಟಿಯವರೇ, 1960ರ ಏಪ್ರಿಲ್ ಮರೆತಿರಿ. ಆಗ ಕೊರಿಯ ಕಡು ಬಡ ದೇಶ. ಚುನಾವಣೆಯಲ್ಲಿ ಮೋಸ ಮಾಡಿದ ಅಂತ ಹೈಸ್ಕೂಲು ಮಕ್ಕಳಿಂದ ಪ್ರೊಫೆಸರ್‌ಗಳವರೆಗೆ ಬೀದಿಗಿಳಿದು ಆಗಿನ ಅಧ್ಯಕ್ಷ ಸಿಂಗ್‌ಮನ್ ರೀಯನ್ನು ಇಳಿಸಿದರು. ಹೊಟ್ಟೆ ತುಂಬಿರಲಿಲ್ಲ, ಆದರೂ ಕೇಳಿದರು. ಆಮೇಲೆ ಬಂದ ಚುನಾಯಿತ ಸರ್ಕಾರವನ್ನು ವರ್ಷ ತುಂಬುವ ಮುಂಚೆಯೇ, 1961ರ ಮೇ 16ಕ್ಕೆ, ಕಿತ್ತು ಹಾಕಿದ್ದು ಇದೇ ನಿಮ್ಮ ಪಾರ್ಕ್. ಅಂದರೆ ಮೊದಲ ಸಲ ನೆಟ್ಟ ಸಸಿಯನ್ನು ಕಿತ್ತವನಿಗೇ ತೋಟದ ಹಾರ ಹಾಕುತ್ತಿದ್ದೀರಿ.

ಇಳಕಲ್ ಅಕ್ಕ
ಟೈ ಕಟ್ಟಿದವರು ಅಂತ ಎಲ್ಲರೂ ಹೇಳ್ತೀರಿ. ಹೆಣ್ಣುಮಕ್ಕಳನ್ನು ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ.

1979ರ ಆಗಸ್ಟ್. ಸಿಯೋಲ್‌ನಲ್ಲಿ ವೈಎಚ್ ಅಂತ ಒಂದು ವಿಗ್ ತಯಾರಿಸುವ ಕಂಪನಿ. ಹಳ್ಳಿಯಿಂದ ಬಂದ ಹುಡುಗಿಯರು ಕೂತು ಕೂದಲು ಹೆಣೆಯುತ್ತಿದ್ದರು. ಮಾಲೀಕ ಬಾಗಿಲು ಹಾಕಿದ. 170ಕ್ಕೂ ಹೆಚ್ಚು ಹುಡುಗಿಯರು ಹೋಗಿ ವಿರೋಧ ಪಕ್ಷದ ಕಚೇರಿಯಲ್ಲಿ ಕೂತರು, ಬೇರೆಲ್ಲೂ ಕೇಳುವವರು ಇರಲಿಲ್ಲ. ಪೊಲೀಸರು ರಾತ್ರಿ ನುಗ್ಗಿ ಎಳೆದು ಹಾಕಿದರು. ಒಬ್ಬಳು ಸತ್ತಳು, 21 ವರ್ಷದ ಹುಡುಗಿ. ಪಕ್ಷದ ನಾಯಕ ಕಿಮ್ ಯಂಗ್-ಸ್ಯಾಮ್ ಜೋರು ಮಾಡಿದರು, ಅಕ್ಟೋಬರ್ 4ಕ್ಕೆ ಅವರನ್ನು ಸಂಸತ್ತಿನಿಂದಲೇ ಹೊರಗೆ ಹಾಕಿದರು. ಅವರ ಊರು ಬುಸಾನ್ 16ಕ್ಕೆ, ಪಕ್ಕದ ಮಾಸಾನ್ 18ಕ್ಕೆ ಹೊತ್ತಿಕೊಂಡವು. ಅದನ್ನು ಹೇಗೆ ಅಡಗಿಸಬೇಕು ಅಂತ ಪಾರ್ಕ್‌ನ ಸುತ್ತ ಇದ್ದವರಲ್ಲೇ ಒಡಕು ಬಂತು. 26ಕ್ಕೆ ಪಾರ್ಕ್ ಸತ್ತ. ವಿಗ್ ಹೆಣೆಯುವ ಹುಡುಗಿಯರಿಂದ ಆ ಊಟದ ಮೇಜಿನವರೆಗೆ ಎಷ್ಟು ದಿನ ಲೆಕ್ಕ ಹಾಕಿ. ಮೂರು ತಿಂಗಳೂ ಇಲ್ಲ.

ರೊಟ್ಟಿ ಅಣ್ಣಾ, ಆ ರಫ್ತು ರಫ್ತು ಅಂತೀರಲ್ಲ, ಅದು ಈ ಹುಡುಗಿಯರ ಬೆರಳು. 1987ರ ಜೂನ್‌ನಲ್ಲಿ ಟೈನವರು ಗೆದ್ದು ಮನೆಗೆ ಹೋದ ಮೇಲೆ ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರು ತಿಂಗಳು ಕಾರ್ಖಾನೆಗಳಲ್ಲಿ 3,000ಕ್ಕೂ ಹೆಚ್ಚು ಮುಷ್ಕರ ಆದವು. ಉಲ್ಸಾನ್‌ನ ಹಡಗು ಕಟ್ಟೆಯಿಂದ ಟ್ಯಾಕ್ಸಿ ಡ್ರೈವರ್‌ವರೆಗೆ. ಕೂದಲು ಉದ್ದ ಬಿಡಲು ಬಿಡಿ ಅನ್ನೋದೂ ಬೇಡಿಕೆ ಆಗಿತ್ತು, ಯಾಕಂದ್ರೆ ಗೇಟಿನಲ್ಲಿ ನಿಲ್ಲಿಸಿ ಕತ್ತರಿಸುತ್ತಿದ್ದರು.

ಖಡಕ್ ರೊಟ್ಟಿ
ಅಕ್ಕಾರ, ಇದು ನನಗೆ ಗೊತ್ತಿರಲಿಲ್ಲ. ಒಪ್ಪಿದೆ. ಆದರೂ ಕಾರ್ಖಾನೆ ಇದ್ದಿದ್ದಕ್ಕೇ ಅಲ್ವಾ ಮುಷ್ಕರ?

ಇಳಕಲ್ ಅಕ್ಕ
ನಿಮಗೆ ಸೋಲೋಕೆ ಬರಲ್ಲ ಬಿಡಿ.

ಸುವೋನ್ ಸುಮಾ
ಈ ಎಳೆ ನೋಡಿ ಖುಷಿಯಾಯಿತು. ನಾನು ಒಂಬತ್ತು ವರ್ಷದಿಂದ ಸುವೋನ್‌ನಲ್ಲಿದ್ದೇನೆ, ಊರು ಹಾಸನ. ಪುಸ್ತಕದ ವಿಷಯ ನೀವೆಲ್ಲ ಹೇಳಿದಿರಿ. ನಾನು ನೋಡಿದ್ದು ಹೇಳುತ್ತೇನೆ.

2024ರ ಡಿಸೆಂಬರ್ 3, ಮಂಗಳವಾರ. ರಾತ್ರಿ ಹತ್ತೂವರೆ ಹೊತ್ತು. ಪಾತ್ರೆ ತೊಳೆಯುತ್ತಿದ್ದೆ. ಆಫೀಸಿನ ಗುಂಪಿನಲ್ಲಿ ಟಣ್ ಟಣ್ ಅಂತ ಸಂದೇಶ. ಅಧ್ಯಕ್ಷ ಯೂನ್ ಟಿವಿಯಲ್ಲಿ ಕೂತು ಸೇನಾಡಳಿತ ಘೋಷಿಸಿದ್ದಾರೆ. ನನಗೆ ಮೊದಲು ಭಾಷೆ ತಪ್ಪು ಅರ್ಥ ಆಯಿತೇನೋ ಅನ್ನಿಸಿತು. ನಮ್ಮ ತಂಡದ ಹುಡುಗರು, ಇಪ್ಪತ್ತೈದು ಮೂವತ್ತರವರು, "ಯಾರೋ ಸುಳ್ಳು ವಿಡಿಯೊ ಮಾಡಿದ್ದಾರೆ" ಅಂತಿದ್ದರು. ನಮ್ಮ ಬುಜಾಂಗ್, ಅಂದರೆ ವಿಭಾಗದ ಮುಖ್ಯಸ್ಥರು, 57 ವರ್ಷ, ಒಂದೇ ಸಾಲು ಹಾಕಿದರು. "ನಾನು ಯೊಯಿದೊಗೆ ಹೊರಟೆ." ಯೊಯಿದೊ ಅಂದರೆ ಸಿಯೋಲ್‌ನಲ್ಲಿ ಸಂಸತ್ತು ಇರುವ ಜಾಗ. ಆ ಮನುಷ್ಯ ಆಫೀಸಿನಲ್ಲಿ ಒಂದು ದಿನವೂ ರಾಜಕೀಯ ಮಾತಾಡಿದವರಲ್ಲ. ಪ್ರಿಂಟರ್ ಕೆಟ್ಟರೆ ಬೈಯುತ್ತಾರೆ, ಅಷ್ಟೇ.

ಮುಂದೆ ಆಗಿದ್ದು ನೀವು ಟಿವಿಯಲ್ಲಿ ನೋಡಿರುತ್ತೀರಿ. ಹೆಲಿಕಾಪ್ಟರ್‌ನಲ್ಲಿ ಸೈನಿಕರು ಇಳಿದರು. ಸ್ಪೀಕರ್ ಬೇಲಿ ಹತ್ತಿ ಒಳಗೆ ಹೋದರು. ಸಂಸತ್ತಿನ ಸಿಬ್ಬಂದಿ ಕುರ್ಚಿ ಮೇಜು ಅಡ್ಡ ಇಟ್ಟು, ಬೆಂಕಿ ಆರಿಸುವ ಸಿಲಿಂಡರ್ ಚಿಮ್ಮಿಸಿ ಸೈನಿಕರನ್ನು ತಡೆದರು. ಒಂದು ಗಂಟೆಗೆ 190 ಸದಸ್ಯರು ಸೇರಿ, 190ಕ್ಕೆ 190 ಮತದಿಂದ, ಸೇನಾಡಳಿತ ರದ್ದು ಮಾಡಿ ಅಂತ ನಿರ್ಣಯ ಮಾಡಿದರು. ಬೆಳಗಿನ ಜಾವ ನಾಲ್ಕೂವರೆ ಹೊತ್ತಿಗೆ ಯೂನ್ ಹಿಂದೆ ಸರಿದರು.

ಬೆಳಿಗ್ಗೆ ಒಂಬತ್ತಕ್ಕೆ ನಮಗೆ ಮೀಟಿಂಗ್ ಇತ್ತು. ಬುಜಾಂಗ್ ಬಂದಿದ್ದರು. ಕಣ್ಣು ಕೆಂಪು, ಪ್ಯಾಂಟಿನ ಮಂಡಿಗೆ ಮಣ್ಣು. ಯಾರೂ ಏನೂ ಕೇಳಲಿಲ್ಲ. ಊಟದ ಹೊತ್ತಲ್ಲಿ ನಾನು ಕೇಳಿದೆ, ಭಯ ಆಗಲಿಲ್ವಾ ಅಂತ. "1987ರಲ್ಲಿ ನನಗೆ 20 ವರ್ಷ. ಆಗ ಅಶ್ರುವಾಯುವಿನ ಹೊಗೆ ಕುಡಿದಿದ್ದೇನೆ. ಈ ಹುಡುಗರಿಗೆ ಆ ಹೊಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ" ಅಂದರು. ಆಮೇಲೆ ಕಿಮ್ಚಿ ಉಪ್ಪು ಜಾಸ್ತಿ ಅಂತ ಗೊಣಗಿದರು.

ಬನಶಂಕರಿ ಬಾಲು
ಸುಮಾ ಮೇಡಂ, ಇದನ್ನು ಮಾವನವರಿಗೆ ಓದಿ ಹೇಳಿದೆ. "ಮಣ್ಣು ಯಾಕೆ ಮಂಡಿಗೆ?" ಅಂತ ಕೇಳಿದರು. ಏನು ಹೇಳಲಿ?

ಸುವೋನ್ ಸುಮಾ
ನಾನೂ ಕೇಳಲಿಲ್ಲ ಸರ್. ಬೇಲಿ ಹತ್ತುವವರಿಗೆ ಮೆಟ್ಟಿಲಾಗಿ ಕೂತಿದ್ದರೇನೋ ಅಂತ ನನ್ನ ಊಹೆ.

ಕಡಲತಡಿ
ಮಾರಾಯ್ರೇ, ಇದೆಲ್ಲ ಸರಿ. ಆದರೆ ಜನ ಸ್ವಾತಂತ್ರ್ಯ ನೋಡಿಯೇ ಮತ ಹಾಕ್ತಾರೆ ಅಂತ ಯಾಕೆ ಅಂದುಕೊಂಡಿದ್ದೀರಿ? ನಮ್ಮದೇ ನೋಡಿ. ತುರ್ತು ಪರಿಸ್ಥಿತಿ ಮುಗಿದು 1977ರಲ್ಲಿ ಚುನಾವಣೆ. ಉತ್ತರ ಭಾರತದವರು ಇಂದಿರಾ ಅವರನ್ನು ಗುಡಿಸಿ ಹಾಕಿದರು. ನಮ್ಮ ಕರ್ನಾಟಕ 28ರಲ್ಲಿ 26 ಸೀಟು ಕಾಂಗ್ರೆಸ್‌ಗೆ ಕೊಟ್ಟಿತು. ಮರುವರ್ಷ ಚಿಕ್ಕಮಗಳೂರಿನಿಂದ ಅವರನ್ನು ಲೋಕಸಭೆಗೆ ಕಳಿಸಿದ್ದೂ ನಾವೇ. ನಮ್ಮ ಅಜ್ಜನನ್ನು ಕೇಳಿದರೆ "ಅರಸು ಗೇಣಿ ಭೂಮಿ ಕೊಡಿಸಿದರು, ಜೈಲಿನ ವಿಷಯ ನಮಗೆ ಯಾರು ಹೇಳಿದರು?" ಅಂತಿದ್ದರು.

ಖಡಕ್ ರೊಟ್ಟಿ
ನೋಡಿ, ಮತ್ತೆ ರೊಟ್ಟಿಗೇ ಬಂತು ಮಾತು!

ಕಾಫಿಪುಡಿ
ಬೆಂಗಳೂರು ಜೈಲಿನಲ್ಲಿ ನಟಿ ಸ್ನೇಹಲತಾ ರೆಡ್ಡಿ ಅವರಿಗೆ ಆಗಿದ್ದನ್ನು ಆ ಅಜ್ಜನಿಗೆ ಹೇಳಬೇಕಿತ್ತು. ಪತ್ರಿಕೆಗೇ ಬೀಗ ಹಾಕಿದ್ದಾಗ ಹೇಳೋರು ಯಾರು?

ನಿರ್ವಾಹಕ
ಇಂದಿರಾ ವಿಷಯಕ್ಕೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ ಸಾಕಷ್ಟು ಬೈದಾಡಿದ್ದೀರಿ. ಇಲ್ಲಿ ಕೊರಿಯ.

ವಕೀಲರ ಕಟ್ಟೆ
ಬಾಲು ಅವರ ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಚಹಾ ಇಟ್ಟುಕೊಳ್ಳಿ.

ಮೊದಲು, ರೋ ಗೆದ್ದರೂ ಕೈ ಕಟ್ಟಿತ್ತು. 1987ರ ಸಂವಿಧಾನದಲ್ಲಿ ಅಧ್ಯಕ್ಷಗಿರಿ ಒಂದೇ ಸಲ, ಐದೇ ವರ್ಷ. ಸಂಸತ್ತನ್ನು ವಿಸರ್ಜಿಸುವ ಅಧಿಕಾರವನ್ನು ಅಧ್ಯಕ್ಷರಿಂದ ಕಿತ್ತುಕೊಂಡರು. 1988ರಲ್ಲಿ ಸಂವಿಧಾನ ನ್ಯಾಯಾಲಯ ಬಂತು. ಅದೇ ವರ್ಷ ಏಪ್ರಿಲ್‌ನಲ್ಲಿ ಸಂಸತ್ ಚುನಾವಣೆ ನಡೆದಾಗ ರೋ ಪಕ್ಷಕ್ಕೆ ಸಿಕ್ಕಿದ್ದು 299ರಲ್ಲಿ 125. ಬಹುಮತ ಹೋಯಿತು. ಆ ಸಂಸತ್ತು ಗ್ವಾಂಗ್ಜು ಹತ್ಯಾಕಾಂಡದ ವಿಚಾರಣೆಯನ್ನು ಟಿವಿಯಲ್ಲಿ ನೇರ ತೋರಿಸಿತು. ಎಂಟು ವರ್ಷ "ಕಮ್ಯುನಿಸ್ಟರ ದಂಗೆ" ಅಂತ ಕೇಳಿದ್ದ ಜನ ಮನೆಯಲ್ಲಿ ಕೂತು ನಿಜ ಏನಂತ ನೋಡಿದರು.

ಇನ್ನು ಬರುವುದು ನನಗೆ ತುಂಬ ಇಷ್ಟವಾದ, ಸ್ವಲ್ಪ ಹೊಲಸಾದ ಭಾಗ. 1990ರಲ್ಲಿ ಕಿಮ್ ಯಂಗ್-ಸ್ಯಾಮ್ ಹೋಗಿ ರೋ ಪಕ್ಷದ ಜೊತೆ ತಮ್ಮ ಪಕ್ಷ ಬೆರೆಸಿಬಿಟ್ಟರು! ವಿಗ್ ಹುಡುಗಿಯರ ಪರ ನಿಂತ ಅದೇ ಯಂಗ್-ಸ್ಯಾಮ್. ದ್ರೋಹಿ ಅಂತ ಉಗಿದರು. ಅವರು ಹೇಳಿದ್ದು, ಹುಲಿ ಹಿಡಿಯಬೇಕಾದರೆ ಹುಲಿಯ ಗುಹೆಗೇ ಹೋಗಬೇಕು ಅಂತ. 1992ರಲ್ಲಿ ಆ ಪಕ್ಷದಿಂದಲೇ ಅಧ್ಯಕ್ಷರಾದರು. 1993ರ ಫೆಬ್ರವರಿ 25ಕ್ಕೆ ಪ್ರಮಾಣ. ಮಾರ್ಚ್ 8ಕ್ಕೆ ಭೂಸೇನೆಯ ಮುಖ್ಯಸ್ಥನನ್ನೂ ಸೇನಾ ಗುಪ್ತಚರ ವಿಭಾಗದ ಮುಖ್ಯಸ್ಥನನ್ನೂ ಒಂದೇ ದಿನ ಮನೆಗೆ ಕಳಿಸಿದರು. ಇಬ್ಬರೂ ಹನಾಹೊಯೆ ಕೂಟದವರು. ಚುನ್, ರೋ ಇಬ್ಬರೂ ಸೇರಿ ಕಟ್ಟಿದ್ದ ಅಧಿಕಾರಿಗಳ ಗುಟ್ಟಿನ ಕೂಟ ಅದು. ಬಡ್ತಿ, ಆಯಕಟ್ಟಿನ ಜಾಗ ಎಲ್ಲ ಕೂಟದವರಿಗೇ. ಮುಂದಿನ ತಿಂಗಳುಗಳಲ್ಲಿ ಒಬ್ಬೊಬ್ಬರನ್ನೇ ಕಿತ್ತರು. ಹೊರಗೆ ನಿಂತು ಕೂಗಿದ್ದರೆ ಇದು ಆಗುತ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ.

ಅದೇ ಆಗಸ್ಟ್‌ನಲ್ಲಿ ಬೇನಾಮಿ ಬ್ಯಾಂಕ್ ಖಾತೆ ನಿಷೇಧಿಸಿದರು. 1995ರಲ್ಲಿ ಮೇಯರ್, ಗವರ್ನರ್ ಚುನಾವಣೆ. ಆ ವರ್ಷವೇ ರೋನ ಗುಪ್ತ ಹಣ ಹೊರಬಿತ್ತು. ಅಲ್ಲಿವರೆಗೆ ಪ್ರಾಸಿಕ್ಯೂಟರ್‌ಗಳು "ಗೆದ್ದ ದಂಗೆಗೆ ಶಿಕ್ಷೆ ಇಲ್ಲ" ಅಂತ ಕೈ ಚೆಲ್ಲಿದ್ದರು. ಜನ ಸುಮ್ಮನಿರಲಿಲ್ಲ, ಸಂಸತ್ತು ವಿಶೇಷ ಕಾನೂನು ಮಾಡಿತು, ಇಬ್ಬರು ಮಾಜಿ ಅಧ್ಯಕ್ಷರೂ ಕೈದಿ ಬಟ್ಟೆಯಲ್ಲಿ ಕಟಕಟೆಯಲ್ಲಿ ನಿಂತರು.

ಕಾಫಿಪುಡಿ
ಚುನ್‌ನ ಗಲ್ಲಿಗೇರಿಸಿದರು ಅಲ್ವಾ?

ವಕೀಲರ ಕಟ್ಟೆ
ಇಲ್ಲ. 1996ರಲ್ಲಿ ಮರಣದಂಡನೆ ಅಂತ ತೀರ್ಪು. ಮೇಲ್ಮನವಿಯಲ್ಲಿ ಜೀವಾವಧಿಗೆ ಇಳಿಯಿತು, ರೋಗೆ 17 ವರ್ಷ. 1997ರ ಡಿಸೆಂಬರ್‌ನಲ್ಲಿ ಇಬ್ಬರಿಗೂ ಕ್ಷಮಾದಾನ. ಆ ಕ್ಷಮಾದಾನಕ್ಕೆ ಒಪ್ಪಿದವರಲ್ಲಿ ಒಬ್ಬರು ಆಗಷ್ಟೇ ಅಧ್ಯಕ್ಷರಾಗಿ ಆರಿಸಿ ಬಂದಿದ್ದ ಕಿಮ್ ಡೇ-ಜುಂಗ್. 1980ರಲ್ಲಿ ಅವರಿಗೆ ಮರಣದಂಡನೆ ವಿಧಿಸಿದ್ದು ಇದೇ ಚುನ್‌ನ ಸೇನಾ ನ್ಯಾಯಾಲಯ. ಚುನ್ ಕಟ್ಟಬೇಕಿದ್ದ ದಂಡ 22,000 ಕೋಟಿ ವೊನ್‌ಗೂ ಜಾಸ್ತಿ. ನ್ಯಾಯಾಲಯ ಆಸ್ತಿ ಕೇಳಿದಾಗ "ನನ್ನ ಹತ್ತಿರ 2,90,000 ವೊನ್ ಇದೆ" ಅಂದ. ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿಯೂ ಆಗಲ್ಲ. ಗಾಲ್ಫ್ ಆಡಿಕೊಂಡಿದ್ದ. ಕ್ಷಮೆ ಕೇಳದೆ 2021ರ ನವೆಂಬರ್‌ನಲ್ಲಿ ಸತ್ತ.

ಅದಕ್ಕೇ ನಾನು ಹೇಳೋದು, ರೋ ಗೆದ್ದಿದ್ದು ಒಂದು ರೀತಿ ಒಳ್ಳೇದಾಯಿತು. 1987ರಲ್ಲೇ ಡೇ-ಜುಂಗ್ ಗೆದ್ದಿದ್ದರೆ ಜನರಲ್‌ಗಳು ಜೀವಭಯದಿಂದ ಮತ್ತೆ ಟ್ಯಾಂಕ್ ಇಳಿಸುತ್ತಿದ್ದರೋ ಏನೋ. ತಮ್ಮವನೇ ಗೆದ್ದ ಅಂತ ನೆಮ್ಮದಿಯಾಗಿ ಬ್ಯಾರಕ್‌ಗೆ ಹೋದರು. ಬಾಗಿಲು ಹಾಕಿದ್ದು ಆಮೇಲೆ.

ಇಳಕಲ್ ಅಕ್ಕ
ವಕೀಲರೇ, ಚಹಾ ಕುಡೀತಾ ಹೇಳೋಕೆ ಚೆಂದ ಇದೆ. ಮಗನ ಹೆಣ ಹುಡುಕಿದ ಗ್ವಾಂಗ್ಜುವಿನ ತಾಯಿಗೆ ಹೇಳಿ ನೋಡಿ, "ಇನ್ನೊಂದೆಂಟು ವರ್ಷ ತಡೀರಿ ಅಮ್ಮ, ಜನರಲ್‌ಗಳಿಗೆ ನೆಮ್ಮದಿ ಬೇಕು" ಅಂತ.

ವಕೀಲರ ಕಟ್ಟೆ
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಕ್ಕ.

ಲೆಕ್ಕದ ಮೇಷ್ಟ್ರು
ಇಬ್ಬರ ಮಾತಿನ ನಡುವೆ ಬೇರೆ ದೇಶ ಇಟ್ಟು ನೋಡಿ. ಚಿಲಿಯಲ್ಲಿ ಪಿನೊಚೆ 1988ರ ಜನಮತದಲ್ಲಿ ಸೋತು 1990ರಲ್ಲಿ ಕುರ್ಚಿ ಬಿಟ್ಟ, ಆದರೆ 1998ರವರೆಗೆ ಸೇನಾ ಮುಖ್ಯಸ್ಥನಾಗಿಯೇ ಇದ್ದ. ಇಂಡೊನೇಷ್ಯದಲ್ಲಿ ಸುಹಾರ್ತೊ 1998ರಲ್ಲಿ ಇಳಿದ, ಸಂಸತ್ತಿನಲ್ಲಿ ಸೇನೆಯ ಮೀಸಲು ಸೀಟು 2004ರವರೆಗೆ ಉಳಿಯಿತು. ಅವನ ಮಾಜಿ ಅಳಿಯ ಪ್ರಬೊವೊ 2024ರಲ್ಲಿ ಚುನಾವಣೆ ಗೆದ್ದು ಅಧ್ಯಕ್ಷ. ಫಿಲಿಪೀನ್ಸ್‌ನಲ್ಲಿ 1986ರಲ್ಲಿ ಮಾರ್ಕೊಸ್‌ನನ್ನು ಓಡಿಸಿದರು, 2022ರಲ್ಲಿ ಮಗನನ್ನು ತಂದು ಕೂರಿಸಿದರು. ರಾಜಿ ಎಲ್ಲ ಕಡೆಯೂ ಆಗಿದೆ. ಆಮೇಲೆ ಕೆಲಸ ಮುಂದುವರಿಸಿದರೋ ಇಲ್ಲವೋ ಅನ್ನೋದರಲ್ಲಿ ವ್ಯತ್ಯಾಸ.

ಕಡಲತಡಿ
ಕೊರಿಯದವರೂ ಪಾರ್ಕ್‌ನ ಮಗಳನ್ನೇ 2012ರಲ್ಲಿ ಆರಿಸಿದರಲ್ಲ ಮೇಷ್ಟ್ರೇ!

ಲೆಕ್ಕದ ಮೇಷ್ಟ್ರು
ಆರಿಸಿದರು. 2017ರಲ್ಲಿ ಸಂವಿಧಾನ ನ್ಯಾಯಾಲಯ 8-0ಯಿಂದ ಇಳಿಸಿತು. 2025ರ ಏಪ್ರಿಲ್ 4ಕ್ಕೆ ಯೂನ್‌ಗೂ ಅದೇ 8-0.

ಖಡಕ್ ರೊಟ್ಟಿ
ಅಧ್ಯಕ್ಷರೆಲ್ಲ ಜೈಲಿಗೆ ಹೋಗೋ ದೇಶವನ್ನು ಆರೋಗ್ಯವಂತ ಅನ್ನಬೇಕಾ?

ಕಾಫಿಪುಡಿ
ಜ್ವರ ಬರುತ್ತೆ, ಆದರೆ ಥರ್ಮಾಮೀಟರ್ ಕೆಲಸ ಮಾಡ್ತಿದೆ.

ಸುವೋನ್ ಸುಮಾ
ರೊಟ್ಟಿಯವರ ಪ್ರಶ್ನೆ ಇಲ್ಲಿನವರೂ ಕೇಳುತ್ತಾರೆ. ಎಲ್ಲವೂ ಸರಿಯಾಗಿಲ್ಲ. 1948ರ ರಾಷ್ಟ್ರೀಯ ಭದ್ರತಾ ಕಾನೂನು ಇನ್ನೂ ಇದೆ, ಉತ್ತರ ಕೊರಿಯವನ್ನು ಹೊಗಳಿದರೆ ಕೇಸು. ಯೂನ್ ಪರವಾಗಿ ಬಾವುಟ ಹಿಡಿದು ಚಳಿಯಲ್ಲಿ ನಿಂತವರೂ ಕಮ್ಮಿ ಇರಲಿಲ್ಲ.

ಅಕ್ಕ ಹೇಳಿದ ತಾಯಿಯ ಮಾತು ಮನಸ್ಸಿಗೆ ತಾಗಿತು. ನಮ್ಮ ಮನೆ ಮಾಲೀಕರ ಹೆಂಡತಿ ಗ್ವಾಂಗ್ಜುವಿನವರು. 1980ರಲ್ಲಿ ಹೈಸ್ಕೂಲು. ಅವರಮ್ಮ ಸಂತೆಯಲ್ಲಿ ತರಕಾರಿ ಮಾರುತ್ತಿದ್ದರಂತೆ. ಸೇನೆ ಊರಿನಿಂದ ಹಿಂದೆ ಸರಿದ ಆ ಕೆಲವು ದಿನ ಸಂತೆಯ ಹೆಂಗಸರೆಲ್ಲ ಅಕ್ಕಿ ಸೇರಿಸಿ, ದೊಡ್ಡ ಪಾತ್ರೆಯಲ್ಲಿ ಅನ್ನ ಮಾಡಿ, ಬಿಸಿ ಇರುವಾಗಲೇ ಕೈ ನೀರಿಗದ್ದಿ ಉಂಡೆ ಕಟ್ಟಿ ಕಾವಲಿಗಿದ್ದ ಹುಡುಗರಿಗೆ ಟ್ರಕ್ಕಿಗೆ ಎಸೆಯುತ್ತಿದ್ದರು. ಜುಮೊಕ್‌ಬಾಪ್ ಅನ್ನುತ್ತಾರೆ, ಮುಷ್ಟಿ ಅನ್ನ ಅಂತ ಅರ್ಥ. ಮೇ 27ರ ನಸುಕಿನಲ್ಲಿ ಸೇನೆ ವಾಪಸ್ ನುಗ್ಗಿತು. "ಅಮ್ಮನ ಅಂಗೈ ಸುಟ್ಟಿತ್ತು" ಅಂತ ಮಾತ್ರ ಹೇಳಿದರು. ಚುನ್ ಸತ್ತ ದಿನ ಟಿವಿ ಹಾಕಿರಲಿಲ್ಲ, ಬಾಲ್ಕನಿಯಲ್ಲಿ ಮೆಣಸಿನಕಾಯಿ ಒಣಗಿಸುತ್ತಿದ್ದರು.

ಬನಶಂಕರಿ ಬಾಲು
ಎಲ್ಲರಿಗೂ ಧನ್ಯವಾದ. ಪೂರ್ತಿ ಎಳೆಯನ್ನು ಮಾವನವರಿಗೆ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿ ಕೊಟ್ಟೆ. ಖಡಕ್ ಮನುಷ್ಯನ ವಿಷಯದಲ್ಲಿ ಸೋತೆ ಅಂತ ಅವರು ಒಪ್ಪಿಲ್ಲ, "ಆ ರೊಟ್ಟಿಯವರು ಸರಿಯಾಗಿ ಮಾತಾಡ್ತಾರೆ" ಅಂದರು. ಆಮೇಲೆ ಕನ್ನಡಕ ತೆಗೆದು, "ಆ ಉಂಡೆ ಅನ್ನಕ್ಕೆ ಏನು ಹಾಕ್ತಾರಂತೆ, ಕೇಳು" ಅಂದರು.

ಸುವೋನ್ ಸುಮಾ
ಈಗ ಗ್ವಾಂಗ್ಜು ಹೋಟೆಲ್‌ಗಳಲ್ಲಿ ಎಳ್ಳೆಣ್ಣೆ, ಕಡಲಕಳೆ ಪುಡಿ, ಇನ್ನೂ ಏನೇನೋ ಹಾಕಿ ಕೊಡುತ್ತಾರೆ. ಆವತ್ತು ಬರೀ ಉಪ್ಪು ಅಂತೆ.